ಆಯುಧಪೂಜೆಗೆ ರಜೆ ಹಾಕುತ್ತಿದ್ದ ಹಳ್ಳ

ನಮ್ಮ ಹಿತ್ತಿಲಿನಾಚೆ ಒಂದು ಹಳ್ಳವಿದೆ ಎಂದು ನನಗೆ ಗೊತ್ತಾದದ್ದು ಕಟ್ಟಡ ಪರವಾನಗಿ ಕಚೇರಿಯಿಂದ ಬಂದ ಪತ್ರದಿಂದ. ಉರಿಗಾಂ ಅಂಚಿನ ಆ ಮನೆಯನ್ನು ಕೊಂಡು ನಾವು ಹನ್ನೊಂದು ವರ್ಷದಿಂದ ಅದರಲ್ಲಿ ಇದ್ದೇವೆ. ಹಿತ್ತಿಲಿನಾಚೆ ಇರುವುದು ಒಂದು ಉದ್ದನೆಯ ತಗ್ಗು, ಅದರ ತುಂಬ ಜಾಲಿ, ದಡದಲ್ಲಿ ಅರಿಶಿನ ಬಳಿದ ಮೂರು ಕಲ್ಲು. ಅದರಲ್ಲಿ ನೀರು ಹರಿದದ್ದಿರಲಿ, ನಿಂತದ್ದನ್ನೂ ನಾನು ಕಂಡಿಲ್ಲ. ಪತ್ರ ಮಾತ್ರ ಬಹಳ ಗಂಭೀರವಾಗಿತ್ತು. ಸದರಿ ಸ್ವತ್ತಿನ ಪೂರ್ವಕ್ಕೆ ಹಳ್ಳವಿರುವುದರಿಂದ, ಅದರ ಅಂಚಿನಿಂದ ಹದಿನೈದು ಮೀಟರ್ ಒಳಗೆ ಹೊಸದಾಗಿ ಏನನ್ನೂ ಕಟ್ಟಲು ಅನುಮತಿ ನೀಡಲು ಬರುವುದಿಲ್ಲ.

ನಾನು ಟೇಪು ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಅಳೆದೆ. ನಾವು ಕಟ್ಟಬೇಕೆಂದಿದ್ದ ಕೋಣೆಯ ಗೋಡೆ ಒಂಬತ್ತು ಮೀಟರಿಗೆ ಬರುತ್ತಿತ್ತು. ಇನ್ನೊಮ್ಮೆ ಅಳೆದೆ. ಒಂಬತ್ತೇ.

ಅಳೆಯುವುದು ನನ್ನ ಕಸುಬು. ಅರಸೀಕೆರೆಯಿಂದ ಇಲ್ಲಿನ ಕಾರ್ಖಾನೆಗೆ ಸೇರಿದ ದಿನದಿಂದ ನಾನು ತಪಾಸಣೆ ವಿಭಾಗದಲ್ಲಿದ್ದೇನೆ. ಬೇರೆಯವರು ಮಾಡಿದ ಬಿಡಿಭಾಗ ನನ್ನ ಮೇಜಿಗೆ ಬರುತ್ತದೆ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ವಾಪಸ್ಸು ಹೋಗುತ್ತದೆ. ಇದರಿಂದ ನನಗೆ ಸ್ನೇಹಿತರು ಕಡಿಮೆ. ಅದೇ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದ ಶಶಿಧರ್ ಮಾತ್ರ ತನ್ನ ಬೆಸುಗೆಯನ್ನು ಮೂರು ಸಲ ವಾಪಸ್ಸು ಕಳಿಸಿದವಳನ್ನೇ ಮದುವೆಯಾದ. ‘ಭಾರ್ಗವಿ ಪಾಸು ಮಾಡಿದ ಮೇಲೆ ಇನ್ಯಾರೂ ಫೇಲ್ ಮಾಡಲಾರರು’ ಎಂದು ಮದುವೆ ಮನೆಯಲ್ಲಿ ಎಲ್ಲರೆದುರು ಹೇಳಿದ್ದ.

ಈಗ ಅವನ ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಕೋಲಾರಕ್ಕೆ ಹೋಗಿ ಡಯಾಲಿಸಿಸ್ ಯಂತ್ರಕ್ಕೆ ಕೈಕೊಟ್ಟು ಮಲಗಬೇಕು. ಬಸ್ಸಿಳಿದು ಮನೆಗೆ ಬರುವಾಗ ಹಿಂಡಿದ ಬಟ್ಟೆಯ ಹಾಗಿರುತ್ತಾನೆ. ಕಾರ್ಖಾನೆಯಲ್ಲಿ ರಜೆಯೆಲ್ಲ ಮುಗಿದಿದೆ. ಡಾಕ್ಟರು ಇನ್ನೊಂದು ದಾರಿ ಹೇಳಿದರು. ಹೊಟ್ಟೆಗೆ ಸಣ್ಣ ನಳಿಕೆ ಕೂರಿಸುತ್ತಾರೆ, ದಿನಕ್ಕೆ ನಾಲ್ಕು ಸಲ ಚೀಲದಲ್ಲಿ ಬರುವ ಔಷಧದ ನೀರನ್ನು ಒಳಕ್ಕೆ ಬಿಟ್ಟು ಹಳೆಯದನ್ನು ಹೊರಕ್ಕೆ ಇಳಿಸಬೇಕು. ಮನೆಯಲ್ಲೇ ಮಾಡಿಕೊಳ್ಳಬಹುದು, ಕೆಲಸಕ್ಕೂ ಹೋಗಬಹುದು. ಆದರೆ ಅದಕ್ಕೆಂದೇ ಒಂದು ಮುಚ್ಚಿದ ಕೋಣೆ ಬೇಕು. ಧೂಳು ಕೂಡದು, ಒಗ್ಗರಣೆ ಹೊಗೆ ಕೂಡದು, ಒಳಗೇ ಕೈ ತೊಳೆಯಲು ನಲ್ಲಿ ಇರಬೇಕು. ಆಸ್ಪತ್ರೆಯ ನರ್ಸು ಶ್ಯಾಮಲಾ ಬಂದು ನಮ್ಮ ಎರಡು ಕೋಣೆ ನೋಡಿದರು. ಕಿಟಕಿಯ ಮೇಲೆ ಬೆರಳು ಎಳೆದು ತೋರಿಸಿದರು. ಗಾಳಿ ಬಂದರೆ, ಮುಚ್ಚಿದ ಚಿನ್ನದ ಗಣಿಯವರು ಸುರಿದುಹೋದ ಸೈನೈಡ್ ದಿಬ್ಬದ ಬಿಳಿ ಪುಡಿ ನಮ್ಮ ಅನ್ನದ ತಟ್ಟೆಯವರೆಗೂ ಬರುತ್ತದೆ. ‘ಇಲ್ಲಿ ಆಗಲ್ಲಮ್ಮ, ಸೋಂಕು ತಗುಲಿದರೆ ಜೀವಕ್ಕೇ ಬರುತ್ತೆ. ಹೊಸ ರೂಮು ಕಟ್ಟಿ ಕರೀರಿ’ ಎಂದರು. ಮನೆಯ ಮುಂದೆ ರಸ್ತೆ, ಎರಡೂ ಪಕ್ಕ ಬೇರೆಯವರ ಗೋಡೆ. ಜಾಗವಿದ್ದದ್ದು ಹಿಂದೆ ಮಾತ್ರ, ಹಳ್ಳದ ಕಡೆಗೆ.

ಪತ್ರ ಹಿಡಿದುಕೊಂಡು ಕಚೇರಿಗೆ ಹೋದೆ. ಅಲ್ಲಿ ಸ್ಥಳ ಪರಿಶೀಲನೆಯ ಅಧಿಕಾರಿ ಓಂಕಾರಪ್ಪ ಎಂಬವರು ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿದ್ದರು.

‘ಮೇಡಂ, ನಕಾಶೆಯಲ್ಲಿ ಹಳ್ಳ ಇದೆ.’

‘ಸರ್, ನೆಲದ ಮೇಲೆ ಇಲ್ಲ.’

‘ನಕಾಶೆಯಲ್ಲಿದ್ದರೆ ನಮ್ಮ ಪಾಲಿಗೆ ಇದ್ದ ಹಾಗೆ.’

‘ಬತ್ತಿಹೋಗಿದೆ ಸರ್. ಹನ್ನೊಂದು ವರ್ಷದಿಂದ ಒಂದು ಹನಿ ನೀರು ಕಂಡಿಲ್ಲ.’

‘ಬತ್ತಿದ್ದು ನಾಳೆ ಹರಿಯುತ್ತೆ. ಆಗ ನಿಮ್ಮ ಕೋಣೆಯೊಳಗೆ ನೀರು ಬಂದರೆ ಯಾರನ್ನು ಕೇಳ್ತೀರಿ, ನನ್ನನ್ನೇ ಅಲ್ವಾ?’

ನನಗೆ ಕೋಪ ಬಂದಿತ್ತು. ಆದರೆ ಆ ಮನುಷ್ಯನ ಮಾತಿನಲ್ಲಿ ತಪ್ಪಿರಲಿಲ್ಲ, ಅದರಿಂದ ಕೋಪ ಇನ್ನೂ ಹೆಚ್ಚಾಯಿತು. ಅವರೇ ಒಂದು ಹಾಳೆ ತಳ್ಳಿದರು. ‘ವಿನಾಯಿತಿ ಕೇಳಿ ಅರ್ಜಿ ಕೊಡಿ. ನಾನು ಬಂದು ಮಹಜರು ಮಾಡ್ತೀನಿ, ಅಂದರೆ ಜಾಗದಲ್ಲೇ ಹಳಬರನ್ನು ಕೇಳಿ ಬರೆದು ಸಹಿ ತಗೋತೀನಿ. ಬತ್ತಿದೆ ಅನ್ನೋದು ಸಾಲದು. ಈ ಹಳ್ಳ ಎಲ್ಲಿಂದ ಬರ್ತಿತ್ತು, ಯಾಕೆ ನಿಂತಿತು? ಅದನ್ನು ತೋರಿಸಿ. ನನಗೂ ಗೊತ್ತಿಲ್ಲ, ನಿಜ ಹೇಳಬೇಕು ಅಂದ್ರೆ.’

ಎಲ್ಲಿಂದ ಬರುತ್ತಿತ್ತು, ಯಾಕೆ ನಿಂತಿತು. ಮನೆಗೆ ಬರುವ ದಾರಿಯುದ್ದಕ್ಕೂ ಅದೇ ತಲೆಯಲ್ಲಿ ತಿರುಗುತ್ತಿತ್ತು. ಹನ್ನೊಂದು ವರ್ಷ ಆ ತಗ್ಗಿಗೆ ತರಕಾರಿ ಸಿಪ್ಪೆ ಎಸೆದಿದ್ದೇನೆ, ಒಂದು ದಿನವೂ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ.

ಕೇಳಬೇಕೆಂದರೆ ಒಬ್ಬರೇ ಇದ್ದರು, ಅಮ್ಮಾಜಮ್ಮ. ನಮ್ಮಿಂದ ಎರಡನೇ ಮನೆ, ಎಂಬತ್ತು ದಾಟಿದ ವಯಸ್ಸು. ಪ್ರತಿ ಶುಕ್ರವಾರ ನಮ್ಮ ಹಿತ್ತಿಲಿನಲ್ಲೇ ಹಾದು, ನಾನು ಹಾಕಿದ ಕೊತ್ತಂಬರಿ ಪಾತಿಯನ್ನು ತುಳಿದುಕೊಂಡು ಆ ಮೂರು ಕಲ್ಲಿಗೆ ಅರಿಶಿನ ಬಳಿಯಲು ಹೋಗುತ್ತಾರೆ. ಅವು ಗಂಗಮ್ಮನ ಕಲ್ಲುಗಳಂತೆ. ಕೊತ್ತಂಬರಿಯ ವಿಷಯಕ್ಕೆ ನಮ್ಮಿಬ್ಬರಿಗೂ ಎಷ್ಟೋ ಸಲ ಮಾತು ಬೆಳೆದಿತ್ತು. ಮೇಸ್ತ್ರಿ ಬಂದು ಹೊಸ ಕೋಣೆಗೆ ಸುಣ್ಣದ ಗೆರೆ ಹಾಕಿ ಹೋದ ಮರುದಿನ, ಆಯಮ್ಮ ಆ ಗೆರೆಯನ್ನು ಕಾಲಿನಿಂದ ಉಜ್ಜಿ ಅಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಆದರೂ ಗರಜು ನನ್ನದು. ಜಗಲಿಯಲ್ಲಿ ಹೋಗಿ ಕೂತೆ.

‘ಅಮ್ಮಾಜಮ್ಮಾ, ಹಿಂದುಗಡೆ ಹಳ್ಳದಲ್ಲಿ ಮೊದಲು ನೀರಿತ್ತಾ?’

‘ಅಳ್ಳ ಅನ್ಬ್ಯಾಡ, ಒಳೆ ಅನ್ನು,’ ಎಂದರು. ‘ನಾನು ಮದ್ವೆಯಾಗಿ ಬಂದಾಗ ವರ್ಷ ಪೂರ್ತಿ ಅರೀತಿತ್ತು ಕಣಮ್ಮ. ಬ್ಯಾಸಗೇಲಿ ಊರ ಬಾವಿಗಳೆಲ್ಲಾ ಒಣಗಿದ್ರೂ ಇದು ಒಣಗ್ತಿರ್ಲಿಲ್ಲ. ನೀರು ಬೆಚ್ಚಗಿರ್ತಿತ್ತು. ಬಾಣಂತೀರಿಗೆ ಇಲ್ಲಿಂದಾನೇ ಒತ್ಕೊಂಡೋಗ್ತಿದ್ವಿ.’

‘ಬೆಚ್ಚಗೆ? ಹೊಳೆ ನೀರು?’

‘ಊಂ. ಕೈ ಇಕ್ಕಿದ್ರೆ ಇತವಾಗಿರ್ತಿತ್ತು. ವರ್ಷದಾಗೆ ಒಂದಿನ ಮಾತ್ರ ನಿಂತೋಗ್ತಿತ್ತು, ಆಯುಧಪೂಜೆ ದಿನ. ಅವತ್ತು ಗಂಗಮ್ಮಂಗೆ ರಜಾ. ನಾವೆಲ್ಲಾ ಒಳೆಗೆ ಇಳ್ದು ಪಾಚಿ ಬಳ್ದು, ಕಲ್ಲು ತೊಳ್ದು, ಪೂಜೆ ಮಾಡ್ತಿದ್ವಿ. ಸಂಜೆಗೆ ತಿರ್ಗಾ ಬತ್ತಿದ್ಲು.’

ಹೇಳುವಾಗ ಆಯಮ್ಮನ ಮುಖದಲ್ಲಿ ಎಂಥದೋ ಸಂತೋಷವಿತ್ತು. ನಾನು ಮಾತ್ರ ಒಳಗೊಳಗೇ ಅಳತೆ ತಾಳೆ ನೋಡುತ್ತಿದ್ದೆ. ಬೇಸಿಗೆಯಲ್ಲೂ ಬತ್ತುವುದಿಲ್ಲ, ಅದು ಒಂದು. ನೀರು ಬೆಚ್ಚಗೆ, ಅದು ಇನ್ನೊಂದು. ಅದೂ ಹೋಗಲಿ ಎಂದರೂ, ಯಾವ ಹೊಳೆಗೂ ಆಯುಧಪೂಜೆ ಯಾವತ್ತು ಬರುತ್ತದೆ ಎಂದು ಪಂಚಾಂಗ ನೋಡುವ ಅಭ್ಯಾಸವಿರುವುದಿಲ್ಲ. ಆಯುಧಪೂಜೆಗೆ ನಿಲ್ಲುವುದು ಯಂತ್ರ. ನಮ್ಮ ಕಾರ್ಖಾನೆಯಲ್ಲೂ ಅವತ್ತು ಲೇತುಗಳನ್ನೆಲ್ಲ ನಿಲ್ಲಿಸಿ, ಒರೆಸಿ, ಕುಂಕುಮವಿಡುತ್ತೇವೆ.

ಆ ಭಾನುವಾರ ತಗ್ಗಿಗಿಳಿದು ಮೇಲಿನ ದಿಕ್ಕಿಗೆ ನಡೆದುಕೊಂಡು ಹೋದೆ. ಶಶಿಧರನಿಗೂ ಬರುವ ಆಸೆ. ಹಿಂದಿನ ದಿನ ಕೋಲಾರಕ್ಕೆ ಹೋಗಿ ಬಂದಿದ್ದರಿಂದ ನಿಲ್ಲಲೂ ತ್ರಾಣವಿರಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಕೂತು, ‘ನೀನು ನೋಡ್ಕೊಂಡು ಬಾ. ಒಂದೂ ಬಿಡದೆ ಹೇಳಬೇಕು’ ಎಂದ.

ಜಾಲಿ ಮುಳ್ಳಿಗೆ ಚೂಡಿದಾರ ಎರಡು ಕಡೆ ಹರಿಯಿತು. ಗಣಿ ಕಾರ್ಮಿಕರ ಹಳೆಯ ಸಾಲುಮನೆಗಳ ಹಿಂಭಾಗ ದಾಟಿ, ದಿಬ್ಬದ ಬುಡ ಸುತ್ತಿ, ಮುಕ್ಕಾಲು ಗಂಟೆ ನಡೆದ ಮೇಲೆ ತಗ್ಗು ಒಂದು ಬೇಲಿಯ ಹತ್ತಿರ ಇದ್ದಕ್ಕಿದ್ದಂತೆ ಮುಗಿಯಿತು. ಅಲ್ಲಿ ಒರತೆಯಿರಲಿಲ್ಲ, ಬಂಡೆಯಿರಲಿಲ್ಲ. ಸಿಮೆಂಟಿನ ಒಂದು ಕಟ್ಟೆ, ಅದರೊಳಗಿಂದ ಹೊರಗೆ ಬಾಯಿ ಚಾಚಿದ ತುಕ್ಕು ಹಿಡಿದ ಕಬ್ಬಿಣದ ಪೈಪು. ಬೇಲಿಯಾಚೆ ಮುಚ್ಚಿದ ಗಣಿಬಾವಿಯ ಮೇಲಿನ ಗಾಲಿಯ ಗೋಪುರ ನಿಂತಿತ್ತು. ನಾನು ಆ ಪೈಪಿನೊಳಕ್ಕೆ ಕೈ ಹಾಕಿ ನೋಡಿದೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು. ಒಣ ಮಣ್ಣಿತ್ತು.

ಅಲ್ಲೇ ರಸ್ತೆಯಲ್ಲಿದ್ದ ಟೀ ಅಂಗಡಿಯಾಕೆಯನ್ನು ಕೇಳಿದ್ದಕ್ಕೆ, ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರ ಕಡೆ ತೋರಿಸಿದಳು. ಮುನಿನಾರಾಯಣಪ್ಪ, ಆ ಗಣಿಯಲ್ಲಿ ಪಂಪ್ ಡ್ರೈವರ್ ಆಗಿದ್ದವರು. ಪೈಪಿನ ಮಾತೆತ್ತಿದ ಕೂಡಲೇ ಟೀ ಲೋಟ ಕೆಳಗಿಟ್ಟರು.

‘ಅದು ನನ್ ಪೈಪು ಕಣಮ್ಮ. ಗಣಿಯೊಳಗೆ ಊರೋ ನೀರೆಲ್ಲ ಎತ್ತಿ ಆಚೆ ಆಕ್ತಿದ್ದೆ. ಆಕ್ದಿದ್ರೆ ಕೆಳಗಿರೋರು ಮುಳುಗಿ ಓಗ್ತಾರೆ. ಗಣಿ ಮುಚ್ಚಿದ್ರು, ಪಂಪೂ ನಿಲ್ತು.’

‘ನೀರು ಬೆಚ್ಚಗಿರುತ್ತಿತ್ತಾ?’

‘ಬೆಚ್ಚಗಿಲ್ದೆ? ಅಷ್ಟು ಕೆಳಗೆ ಬಂಡೆನೇ ಬಿಸಿ.’

‘ಆಯುಧಪೂಜೆ ದಿನ?’

ಮುದುಕರು ನನ್ನ ಮುಖವನ್ನೇ ನೋಡಿದರು. ‘ನಿಂಗೆ ಯಾರು ಏಳಿದ್ರು? ಅವತ್ತು ಬೆಳಿಗ್ಗೆ ನಿಲ್ಲಿಸ್ತಿದ್ದೆ. ಪಂಪು ತೊಳ್ದು, ಊವಿನ ಆರ ಆಕಿ, ಬೂದುಗುಂಬಳ ಒಡ್ದು, ಸಾಯಂಕಾಲ ಸ್ವಿಚ್ಚು ಒತ್ತೋದು. ಅಷ್ಟೊತ್ತು ನಿಂತ್ರೆ ಏನಾಗಲ್ಲ.’

‘ಆ ನೀರು ಎಲ್ಲಿಗೆ ಹೋಗುತ್ತೆ ಅಂತ ಯಾವತ್ತಾದರೂ ನೋಡಿದ್ರಾ?’

‘ಮೂವತ್ತು ವರ್ಷ ಆಚೆಗೆ ಕಳಿಸ್ದೆ. ಎಲ್ಲಿಗೋಯ್ತು ಅಂತ ನೋಡೋಕೆ ಬಿಡುವೆಲ್ಲಿತ್ತು?’ ಎಂದರು. ಕೆಳಗಿಟ್ಟ ಲೋಟ ಎತ್ತಿಕೊಂಡವರು ಕುಡಿಯದೆ, ‘ಎಲ್ಲಿಗೋಯ್ತು?’ ಎಂದು ಅವರೇ ಕೇಳಿದರು.

ಮನೆಗೆ ಬಂದು ಶಶಿಧರನಿಗೆ ಒಂದೂ ಬಿಡದೆ ಹೇಳಿದೆ. ಬಹಳ ದಿನದ ಮೇಲೆ ಅವನು ನಕ್ಕ. ಮರುದಿನ ಅರ್ಧ ದಿನ ರಜೆ ಹಾಕಿ ಬೆಳಗಿನ ರೈಲಿನಲ್ಲಿ ಬಂಗಾರಪೇಟೆಗೆ ಹೋದೆ. ಹಳೆಯ ಗ್ರಾಮ ನಕಾಶೆಗಳೆಲ್ಲ ಇನ್ನೂ ಅಲ್ಲಿನ ಭೂದಾಖಲೆ ಕೊಠಡಿಯಲ್ಲೇ ಇವೆ. ಕಟ್ಟು ಬಿಚ್ಚಿಸಿ ಎರಡು ನಕಾಶೆಯ ಪ್ರತಿ ತೆಗೆಸಿಕೊಂಡೆ. ತೀರಾ ಹಳೆಯದರಲ್ಲಿ ನಮ್ಮ ಜಾಗದ ಹಿಂದೆ ಬರೀ ಬಯಲು. ಆಮೇಲಿನ ಸರ್ವೆಯದರಲ್ಲಿ ನೀಲಿ ಗೆರೆ ಬಂದು ಕೂತಿದೆ. ಆಗ ಅಳೆಯಲು ಬಂದವನು ಹರಿಯುವ ನೀರನ್ನು ನೋಡಿ ಹಳ್ಳ ಎಂದು ಬರೆದು ಹೋಗಿದ್ದಾನೆ, ಅಷ್ಟೇ. ನಾನಾಗಿದ್ದರೂ ಹಾಗೇ ಬರೆಯುತ್ತಿದ್ದೆನೋ ಏನೋ.

ಎರಡೂ ನಕಾಶೆಗಳನ್ನು ಪಕ್ಕಪಕ್ಕ ಹರಡಿದಾಗ ಓಂಕಾರಪ್ಪನವರ ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. ‘ಭೇಷ್! ಇದು ನೋಡಿ ವಿಷಯ. ಆದರೆ ಪೈಪು ಅಲ್ಲಿದೆ, ಹಳ್ಳ ಇಲ್ಲಿದೆ. ಆ ನೀರೇ ಇಲ್ಲಿಗೆ ಬರ್ತಿತ್ತು ಅಂತ ದಡದಲ್ಲಿ ಬಾಳಿದವರು ಯಾರಾದರೂ ಹೇಳಬೇಕು. ಅಂಥವರು ಇದ್ದಾರಾ?’

ಇದ್ದರು. ಅದೇ ನನಗೆ ಸಂಕಟ. ಎಂಬತ್ತು ದಾಟಿದವರ ಎದುರು ನಿಂತು, ನೀವು ಇಷ್ಟು ವರ್ಷ ಕೈ ಮುಗಿದದ್ದು ಗಣಿಯವರು ಹೊರಗೆ ಚೆಲ್ಲಿದ ನೀರಿಗೆ, ನಿಮ್ಮ ಗಂಗಮ್ಮನಿಗೆ ರಜೆ ಕೊಡುತ್ತಿದ್ದವನು ಒಬ್ಬ ಪಂಪ್ ಡ್ರೈವರ್ ಎಂದು ಹೇಗೆ ಹೇಳುವುದು? ನಾನು ಕೋಪಿಷ್ಠೆ ಇರಬಹುದು, ಕಟುಕಿಯಲ್ಲ. ‘ಅವರನ್ನೇ ಒಂದು ಮಾತು ಕೇಳು’ ಎಂದ ಶಶಿಧರ್. ನಾನು ಕೇಳಲಿಲ್ಲ. ಬದಲಿಗೆ ಒಂದು ಕಳ್ಳ ಉಪಾಯ ಮಾಡಿದೆ. ಅಮ್ಮಾಜಮ್ಮ ಸೋಮವಾರ ಸೋಮವಾರ ಕಾಮಸಮುದ್ರದಲ್ಲಿರುವ ಮಗಳ ಮನೆಗೆ ಹೋಗುತ್ತಾರೆ. ಮಹಜರನ್ನು ಸೋಮವಾರಕ್ಕೇ ಗೊತ್ತು ಮಾಡಿಸಿಕೊಂಡೆ. ಮುನಿನಾರಾಯಣಪ್ಪನವರ ಹೇಳಿಕೆಯೊಂದರಲ್ಲೇ ಹೇಗಾದರೂ ಓಂಕಾರಪ್ಪನವರನ್ನು ಒಪ್ಪಿಸಿಬಿಡುವುದು ಎಂದುಕೊಂಡಿದ್ದೆ.

ಸೋಮವಾರ ಹತ್ತೂವರೆಗೆ ಓಂಕಾರಪ್ಪ ಬಂದರು. ಮುನಿನಾರಾಯಣಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಆಟೋದಲ್ಲಿ ಬಂದಿಳಿದರು. ಟೇಪು ಹಿಡಿದದ್ದಾಯಿತು, ಪೈಪಿನ ವಿಷಯ ಬರೆದದ್ದಾಯಿತು. ಅಷ್ಟರಲ್ಲಿ ಕೊತ್ತಂಬರಿ ಪಾತಿಯನ್ನು ತುಳಿದುಕೊಂಡು ಅಮ್ಮಾಜಮ್ಮ ಬಂದೇಬಿಟ್ಟರು, ಕೈಯಲ್ಲಿ ಮಗಳ ಮನೆಗೆ ಕಟ್ಟಿಕೊಂಡಿದ್ದ ಹುರುಳಿಕಾಳಿನ ಚೀಲ.

‘ಬಸ್ಸು ಬರ್ಲಿಲ್ಲ,’ ಎಂದರು. ‘ಏನು ನಡೀತೈತೆ ಇಲ್ಲಿ?’

‘ಏನಿಲ್ಲ ಅಮ್ಮಾಜಮ್ಮಾ, ಸುಮ್ಮನೆ ಅಳತೆ,’ ಎಂದೆ.

ಓಂಕಾರಪ್ಪ ಬಿಡಬೇಕಲ್ಲ. ‘ಅಜ್ಜೀ, ನೀವು ಇಲ್ಲೇ ಬಾಳಿದೋರಾ? ಈ ಹೊಳೆ ನೀರು ಎಲ್ಲಿಂದ ಬರ್ತಿತ್ತು ಗೊತ್ತಾ?’

‘ಸರ್, ಅವರಿಗೆ ವಯಸ್ಸಾಗಿದೆ...’ ನಾನು ಅಡ್ಡ ಬಂದೆ.

‘ಗಣಿಯಿಂದ,’ ಎಂದರು ಅಮ್ಮಾಜಮ್ಮ. ‘ಪಂಪಿನ ನೀರು. ಇದೇನು ಕೇಳಾದು?’

ಅಡ್ಡ ಬಂದಿದ್ದ ನಾನು ಪಕ್ಕಕ್ಕೆ ಸರಿದೆ.

‘ನಮ್ಮೆಜಮಾನ್ರು ಅದೇ ಗಣೀಲಿ ಕೆಳಗೆ ಕೆಲ್ಸ ಮಾಡ್ತಿದ್ರು,’ ಎಂದು ಅವರು ಓಂಕಾರಪ್ಪನವರಿಗೆ ಹೇಳುತ್ತಾ ಹೋದರು. ‘ಅವರ ಕಾಲ ಮೇಲೆ ಅರಿದ ನೀರು ಇಲ್ಲಿಗೆ ಬತ್ತಿತ್ತು. ಒಬ್ರು ಕೆಳಗಿಳಿದ್ರೆ ಮೇಲೆ ಬರೋ ಗಂಟ ಮನೇಲಿರೋಳಿಗೆ ಏನು ಗೊತ್ತಾಗ್ತೈತೆ? ಕೆಳಗೆ ಬಂಡೆ ಸಿಡೀತಿತ್ತು, ಜನ ಸಾಯ್ತಿದ್ರು. ನಾನು ಗಳಿಗೆಗೊಂದು ಸಲ ಇಲ್ಲಿಗೆ ಬಂದು ನೀರಿಗೆ ಕೈ ಇಕ್ಕಿ ನೋಡ್ತಿದ್ದೆ. ಬೆಚ್ಚಗೆ ಅರೀತಿದ್ರೆ ಪಂಪು ಓಡ್ತಾ ಐತೆ, ಕೆಳಗೆಲ್ಲಾ ಸರಿಯಾಗೈತೆ ಅಂತ. ಆವಾಗ ಓಗಿ ಒಲೆ ಅಚ್ತಿದ್ದೆ. ಅದಕ್ಕೇ ಈ ಕಲ್ಲು ನೆಟ್ಟಿದ್ದು, ನಮ್ಮತ್ತೆ.’

‘ಯಜಮಾನರ ಹೆಸರು ಹೇಳಿ, ಬರ್ಕೋಬೇಕು,’ ಎಂದರು ಓಂಕಾರಪ್ಪ.

ಅಮ್ಮಾಜಮ್ಮ ಸೆರಗು ಎಳೆದುಕೊಂಡು ಮುಖ ತಿರುಗಿಸಿದರು. ಗಂಡ ಸತ್ತು ಹದಿನೆಂಟು ವರ್ಷವಾದರೂ ಹೆಸರು ಹೇಳುವವರಲ್ಲ. ಮುನಿನಾರಾಯಣಪ್ಪ ಕೋಲೂರಿ ಎರಡು ಹೆಜ್ಜೆ ಮುಂದೆ ಬಂದರು. ‘ಬಂಡೆ ಕೊರೀತಿದ್ದ ಮುನಿಸ್ವಾಮಪ್ಪನ ಮನೇವ್ರಾ ನೀವು?’ ಎಂದರು. ಆಯಮ್ಮ ತಲೆಯಾಡಿಸಿದರು. ಓಂಕಾರಪ್ಪ ಬರೆದುಕೊಂಡರು.

‘ಮತ್ತೆ ಗಂಗಮ್ಮ, ಪೂಜೆ, ರಜೆ... ನನಗೆ ಹಾಗೆಲ್ಲ ಹೇಳಿದ್ರಲ್ಲ?’ ನನ್ನ ದನಿ ನನಗೇ ಪೆಚ್ಚಾಗಿ ಕೇಳಿಸಿತು.

‘ಯಾಕೆ, ಗಂಗಮ್ಮ ಪೈಪಿನಾಗೆ ಬರಬಾರ್ದಾ?’ ಎಂದು ಅಮ್ಮಾಜಮ್ಮ ನನ್ನ ಕಡೆ ತಿರುಗಿದರು. ‘ನಿಂಗೆ ನಾನು ಪೆದ್ದಿ ಅನ್ಸಿದ್ನಾ? ಅದಕ್ಕೇ ಸೋಮವಾರ ಕರೆಸಿದ್ದೀಯ.’

‘ಹಾಗಲ್ಲ... ನೀವು ಗೆರೆ ಅಳಿಸಿದ್ರಲ್ಲ, ಕೋಣೆ ಕಟ್ಟೋದು ನಿಮಗೆ ಇಷ್ಟವಿಲ್ಲ ಅಂತ...’

‘ಗೋಡೆ ಅಡ್ಡ ಬಂದ್ರೆ ಕಲ್ಲತ್ರ ನಾನೆಂಗಮ್ಮ ಓಗ್ಲಿ? ಒಂದ್ಮಾತು ಕೇಳಿದ್ಯಾ? ಉಡುಗಂಗೆ ಕಾಯಿಲೆ ಅಂತ ನಂಗೆ ಗೊತ್ತಿಲ್ವಾ? ಮೂರಡಿ ದಾರಿ ಬಿಟ್ಟು ಏನಾರ ಕಟ್ಕೋ.’

ನಾಚಿಕೆಯಿಂದ ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ ಶಶಿಧರ್ ನಾನು ಹೇಳಿರಲಿಲ್ಲವೇ ಎನ್ನುವ ಹಾಗೆ ನನ್ನನ್ನೇ ನೋಡುತ್ತಿದ್ದ. ಓಂಕಾರಪ್ಪ ಮಳೆನೀರಿಗೂ ಮೂರಡಿ ಜಾಗ ಬಿಡಲೇಬೇಕು, ಎರಡೂ ಒಂದೇ ಆಯಿತು ಎಂದು ನಕ್ಷೆಯಲ್ಲಿ ಗೆರೆ ಎಳೆದರು. ಮೂರಡಿ ಬಿಟ್ಟರೆ ಕೋಣೆ ಹತ್ತಡಿಯ ಬದಲು ಏಳಡಿ ಅಗಲ. ಒಂದು ಮಂಚ, ಒಂದು ನಲ್ಲಿ, ಚೀಲ ತೂಗುಹಾಕುವ ಕಂಬಕ್ಕೆ ಅಷ್ಟು ಸಾಕು. ಅಮ್ಮಾಜಮ್ಮ ಮಹಜರಿಗೆ ಹೆಬ್ಬೆಟ್ಟು ಒತ್ತಿದರು.

ಮುನಿನಾರಾಯಣಪ್ಪ ಆಗಲೇ ದಡದ ಅಂಚಿಗೆ ಹೋಗಿ ತಗ್ಗನ್ನು ನೋಡುತ್ತಾ ನಿಂತಿದ್ದರು. ‘ಇಲ್ಲಿಗಾ ಬತ್ತಿದ್ದು!’ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಅಮ್ಮಾಜಮ್ಮ ಹೆಬ್ಬೆರಳಿನ ಮಸಿಯನ್ನು ಜಾಲಿ ಎಲೆಗೆ ಒರೆಸುತ್ತಾ ಅವರ ಹತ್ತಿರ ಹೋದರು.

‘ಪಂಪು ನಿಂದಾ? ಒಂದು ಸಲ ಆಯುಧಪೂಜೆ ಕಳೆದು ಮಾರನೇ ದಿನ ಮಧ್ಯಾಹ್ನವಾದ್ರೂ ಬಿಡ್ಲಿಲ್ಲವಲ್ಲಪ್ಪಾ ನೀನು. ಆವತ್ತು ಅವ್ರು ಬೆಳಿಗ್ಗೆನೇ ಕೆಳಗೆ ಇಳಿದಿದ್ರು. ಕಣ್ಣೀರಾಕ್ಕೊಂಡು ಇಲ್ಲೇ ಕುಂತಿದ್ದೆ.’

‘ಆ ವರ್ಷ ಬೇರಿಂಗ್ ಓಗಿತ್ತು ಕಣಮ್ಮ,’ ಎಂದರು ಮುನಿನಾರಾಯಣಪ್ಪ. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಜೋಡಿಸಿದರು. ‘ತಪ್ಪಾಯ್ತು.’

ವಿನಾಯಿತಿ ಕೊಡುವ ಕಚೇರಿಯ ಸಮಿತಿ ಆದೇಶ ಹೊರಡಿಸಲು ಒಂದೂವರೆ ತಿಂಗಳು ತೆಗೆದುಕೊಂಡಿತು, ಕೋಣೆ ಏಳಲು ಎರಡು ತಿಂಗಳು. ಶ್ಯಾಮಲಾ ಬಂದು ಕಿಟಕಿಯ ಮೇಲೆ ಬೆರಳೆಳೆದು ನೋಡಿ, ಈ ಸಲ ಬೆರಳನ್ನು ನನಗೆ ತೋರಿಸದೆ ನಕ್ಕರು. ಶಶಿಧರನ ಹೊಟ್ಟೆಗೆ ನಳಿಕೆ ಕೂರಿಸಿದರು. ನನಗೆ ಎಂಟು ದಿನ ತರಬೇತಿ ಕೊಟ್ಟರು. ಶ್ಯಾಮಲಾ ಜೊತೆಯಲ್ಲಿಲ್ಲದೆ ಮನೆಯಲ್ಲಿ ನಾವೇ ಮೊದಲ ಸಲ ಮಾಡಬೇಕಾದ ದಿನ ಶುಕ್ರವಾರವಾಗಿತ್ತು.

ಒಳಗೆ ಬಿಡುವ ನೀರು ಮೈಶಾಖದಷ್ಟು ಬೆಚ್ಚಗಿರಬೇಕು. ತಣ್ಣಗಿದ್ದರೆ ಹೊಟ್ಟೆ ನುಲಿಯುತ್ತದೆ, ಹೆಚ್ಚು ಬಿಸಿಯಾದರೆ ಒಳಗೆ ಸುಡುತ್ತದೆ. ಚೀಲವನ್ನು ಶಾಖದ ಹಾಸಿನಲ್ಲಿ ಸುತ್ತಿ ಹಿತ್ತಿಲ ಬಾಗಿಲ ಬಳಿ ಇಟ್ಟುಕೊಂಡು ಕೂತಿದ್ದೆ. ಅದರ ಹೊರಹೊದಿಕೆಗೆ ಥರ್ಮಾಮೀಟರ್ ಹಿಡಿದೆ, ಮೂವತ್ತೇಳು ತೋರಿಸಿತು. ಇನ್ನೊಮ್ಮೆ ಹಿಡಿದೆ. ಮತ್ತೂ ಒಮ್ಮೆ. ಇಷ್ಟು ವರ್ಷ ಅಳತೆಯನ್ನೇ ನಂಬಿದ ನನಗೆ ಆ ಮೂವತ್ತೇಳನ್ನು ನಂಬಲಾಗಲಿಲ್ಲ. ಒಳಗೆ ಶಶಿಧರ್ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಕಾಯುತ್ತಿದ್ದ.

ಮೂರಡಿ ದಾರಿಯಲ್ಲಿ ಅಮ್ಮಾಜಮ್ಮ ಕಲ್ಲುಗಳ ಕಡೆಯಿಂದ ವಾಪಸ್ಸು ಬರುತ್ತಿದ್ದವರು ನಿಂತರು.

‘ಏನಮ್ಮ ಅದು?’

‘ಅವರ ಹೊಟ್ಟೆಗೆ ಬಿಡೋ ನೀರು. ಬೆಚ್ಚಗಿರಬೇಕು. ಸರಿಯಾಗಿದೆಯೋ ಇಲ್ಲವೋ ಅಂತ...’ ಅಳು ಬಂತು.

ಅಮ್ಮಾಜಮ್ಮ ಕೈಯ ಅರಿಶಿನವನ್ನು ಸೆರಗಿಗೆ ಒರೆಸಿಕೊಂಡರು. ಬಗ್ಗಿ, ಚೀಲದ ಹೊದಿಕೆಯ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇದ್ದರು.

‘ಬೆಚ್ಚಗೈತೆ,’ ಎಂದರು. ‘ಎಲ್ಲಾ ಸರಿಯಾಗೈತೆ. ಒಳಗೆ ತಗೊಂಡೋಗು.’

ನಾನು ಥರ್ಮಾಮೀಟರನ್ನು ಡಬ್ಬಿಯೊಳಗಿಟ್ಟು, ಕೈ ತೊಳೆದುಕೊಳ್ಳಲು ಎದ್ದೆ.